ಹರಿದು ಬಂದ ಬಲೆ

ಬಟ್ಟೆಯ ಮೀನಿಗೆ ಹೊಲಿದ ಕಣ್ಣು ಜೋಳದ ಕಾಳಿನಷ್ಟು ಕೆಳಗೆ ಬಿದ್ದಿತ್ತು. ಮಗಳಿಗೆ ಹಾಲೂಡಿಸುವಾಗಲೂ ಶಿವಾನಿಗೆ ಅದೇ ಚಿಂತೆ. ಕೂಸುಗಳಿಗೆಂದು ಅವಳು ಹೊಲಿದ ಇಪ್ಪತ್ತು ಬಟ್ಟೆಪುಸ್ತಕಗಳಲ್ಲೂ ಮೀನಿಗೆ ಅದೇ ಕಣ್ಣು. ಬಿಚ್ಚಿ ಬಿಚ್ಚಿ ಹೊಲಿದು ಅರಿವೆಯೇ ಜರಡಿಯಾಗಿತ್ತು. ನಾಲ್ಕು ತಿಂಗಳಾದರೂ ಒಂದು ಪುಸ್ತಕವೂ ಮನೆಯ ಹೊಸ್ತಿಲು ದಾಟಿರಲಿಲ್ಲ. "ಸಂಜಿತನಕ ಕಾಯ್ತೀನ್ರಿ ಅಕ್ಕಾರ. ಆಮ್ಯಾಲ ನಿಮ್ಮ ಪುಸ್ತಕಕ್ಕ ಬಿಟ್ಟ ಜಾಗಾದಾಗ ಬ್ಯಾರೆ ಸಾಮಾನ ಇಡ್ತೀನಿ" ಎಂದು ಶಹಾಪುರದ ಅಂಗಡಿಯ ದೇವಿಂದ್ರ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದ.

ನಾರಾಯಣಪುರದ ಕ್ವಾರ್ಟರ್ಸಿನಲ್ಲಿ ಕೂರಲಾರದೆ ಅವಳು ಮಗಳನ್ನು ಸೊಂಟಕ್ಕೇರಿಸಿ, ಒಂದು ಪುಸ್ತಕ ಹಿಡಿದು ಹೊಳೆದಂಡೆಯ ಸಾಯಬಮ್ಮನಲ್ಲಿಗೆ ಹೋದಳು.

ಮದುವೆಯಾಗಿ ಬಂದ ವರ್ಷ ಬಲೆ ಹೆಣೆಯಲು ಕೂತವಳು ಸಾಯಬಮ್ಮ. ಗಂಡ ಹೋದ, ಕೂದಲು ನೆರೆಯಿತು, ಎರಡೂ ಕಣ್ಣಿಗೆ ಪೊರೆ ಬಂತು. ಬೆರಳು ಮಾತ್ರ ನಿಂತಿಲ್ಲ; ಗಂಟಿನಿಂದ ಗಂಟಿಗೆ ತಾವೇ ದಾರಿ ಹಿಡಿದು ಹೋಗುತ್ತವೆ.

ಅಷ್ಟರಲ್ಲಿ ಮಗ ಮಾನಪ್ಪ ಹಸಿ ಬಲೆಯನ್ನು ಅಂಗಳಕ್ಕೆ ಹಾಕಿದ. "ತಗೋಬೇ, ನಿನ್ನ ಹೊಸಾ ಬಲಿ. ಒಂದ ದಿನಕ್ಕ ಹರದೈತಿ. ಬಾಳಿಮೀನ ನೋಡು, ಇಷ್ಟುದ್ದ ಇತ್ತು" ಎಂದು ಎರಡೂ ತೋಳು ಚಾಚಿದ.

ಎಂಟು ದಿನದ ಕೆಲಸ. ಶಿವಾನಿ ಮಗಳನ್ನು ಅಂಗಳದಲ್ಲಿ ಕೂರಿಸಿ ಬಲೆಯತ್ತ ಬಗ್ಗಿದಳು. ಸಾಯಬಮ್ಮ ಹರಿದ ಜಾಗ ತಡವಿದಳು, ಮುಖ ಅರಳಿತು.

"ಕೆಳಗಿಂದ ಹೊಡದೈತಿ. ಒಂದು ಮೊಳದ ಮೀನ. ಇವ ಎಷ್ಟು ತೋರಸಾಕತ್ತಾನವ್ವಾ?"

ಮಾನಪ್ಪ ನಗುತ್ತ ಕೈ ಇಳಿಸಿದ. ಶಿವಾನಿ ಬೆರಗಾಗಿ ನಿಂತಳು. ಕಣ್ಣಿಲ್ಲದ ಮುದುಕಿ, ತೂತಿನೊಳಗೆ ಹೊಳೆಯ ತಳವನ್ನೇ ಕಂಡಿದ್ದಳು.

"ಬ್ಯಾಸರಾಗಲ್ಲೇನ್ರಿ ಆಯಿ?"

"ಯಾಕವ್ವಾ? ನನಗರ ಕಣ್ಣಿಲ್ಲ, ಹೊಳಿನೇ ನೋಡಿ ಹೇಳ್ತೈತಿ. ಇಲ್ಲಿ ನೂಲು ಸಣ್ಣಾತು, ದಪ್ಪಂದು ಹಾಕು ಅಂತೈತಿ, ಹಾಕ್ತೀನಿ. ಮನ್ಯಾಗ ಇಟಗೊಂಡು ಕುಂತ್ರ ಯಾರು ಹೇಳ್ಬೇಕು? ನಿನ್ನ ಕೈಯಾಗೇನೈತಿ?"

ಶಿವಾನಿ ಪ್ಲಾಸ್ಟಿಕ್ ಹೊದಿಕೆಯ ಪುಸ್ತಕ ಕೊಟ್ಟಳು. "ಮೀನಿನ ಕಣ್ಣು ಕೆಳಗ ಆಗ್ಯಾದ್ರಿ."

"ಕೂಸು ಏನಂತು?"

ಹೊಲಸಾದೀತೆಂದು ಶಿವಾನಿ ಸ್ವಂತ ಮಗಳಿಗೂ ಅದನ್ನು ಮುಟ್ಟಗೊಟ್ಟಿರಲಿಲ್ಲ.

ಸಾಯಬಮ್ಮ ಹೊದಿಕೆ ಕಿತ್ತು ಪುಸ್ತಕವನ್ನು ಕೂಸಿನ ಮಡಿಲಿಗೆ ಹಾಕಿದಳು. ಕೂಸು ಮೊದಲು ಮೀನಿನ ಬಾಲವನ್ನು ಬಾಯಿಗಿಟ್ಟು ಜೊಲ್ಲು ಸುರಿಸಿತು. ಆಮೇಲೆ ಅದರ ಪುಟ್ಟ ಬೆರಳು ಹುಡುಕುತ್ತ ಹುಡುಕುತ್ತ ನೂಲಿನ ಆ ಕಣ್ಣಿಗೆ ಬಂದು ನಿಂತಿತು. ಒತ್ತಿತು. ಕೇಕೆ ಹಾಕಿ ನಕ್ಕು, ಮತ್ತೆ ಒತ್ತಿತು.

ಸಾಯಬಮ್ಮ ಆಗಲೇ ದಪ್ಪ ನೂಲು ಎಳೆದುಕೊಂಡು ಬಲೆಗೆ ಮೊದಲ ಗಂಟು ಹಾಕಿದ್ದಳು. ಶಿವಾನಿ ಆ ಬೆರಳುಗಳನ್ನೂ ಮಗಳ ಬೆರಳನ್ನೂ ನೋಡಿದಳು. ನಂತರ ಫೋನು ತೆಗೆದಳು.

"ದೇವಿಂದ್ರ ಅವರಾ? ನಾ ಶಿವಾನಿ ಮಾತಾಡಾಕತ್ತೀನ್ರಿ. ಸಂಜಿ ಬಸ್ಸಿಗೆ ಪುಸ್ತಕ ಕಳಸ್ತೀನಿ. ಇಪ್ಪತ್ತಲ್ಲ, ಹತ್ತೊಂಬತ್ತು. ಒಂದು ಇಲ್ಲೇ ಖರ್ಚಾತು."