ಮುಂದಿನ ಸೀಟಿನ ಸಿನೆಮಾ

ಮೊನ್ನೆ ಶುಕ್ರವಾರ ಬೆಳಿಗ್ಗೆ, ಹಳೆಯ ಕಾರನ್ನು ಮಾರುವ ಮೊದಲು ಸೀಟಿನ ಕವರುಗಳನ್ನು ಬಿಚ್ಚುತ್ತಿದ್ದೆ. ಬಕೆಟ್ ಹಿಡಿದು ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಬೇರೆ ಯಾರೂ ಇರಲಿಲ್ಲ. ಮುಂದಿನ ಸೀಟಿನ ಕವರು ಕಿತ್ತು ಬಂದದ್ದೇ ತಡ, ನೀಲಗಿರಿ ಎಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

"ಇದಾ, ನಿಮ್ಮ ಸಿನೆಮಾ ಮಾಮ ಇನ್ನೂ ಕಾರಿಂದ ಇಳಿಯಲೇ ಇಲ್ಲ," ಎಂದಳು. ನಗು ಬಂತು.

ದೋಹಾದ ಅಲ್ ಮುಂತಜಾದ ಹಳೆಯ ಕಟ್ಟಡದಲ್ಲಿ ನಾವಿದ್ದಾಗ ಮಾಮ ಮೇಲಿನ ಮಹಡಿಯವರು. ಮದುವೆಯಿಲ್ಲದೆ ಐವತ್ತೈದು ದಾಟಿದ ಉಡುಪಿ ಕಡೆಯ ಮನುಷ್ಯ, ಟೈಲ್ಸ್ ಕಂಪನಿಯೊಂದರಲ್ಲಿ ಅಕೌಂಟೆಂಟ್. ನಮ್ಮಿಬ್ಬರ ಆಫೀಸೂ ಅಬು ಹಮೂರ್ ಕಡೆ ಇದ್ದುದರಿಂದ ನನ್ನ ಕಾರಿನಲ್ಲೇ ಬರುತ್ತಿದ್ದರು. ಎಸಿಯ ಗಾಳಿ ಅವರಿಗೆ ಆಗುತ್ತಿರಲಿಲ್ಲ, ಅದಕ್ಕೇ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ. ಹಿಂದಿನ ಸೀಟಿನಲ್ಲಿ ಪಕ್ಕದ ಕಟ್ಟಡದ ಟೀಚರ್. ಗಂಡ ತೀರಿಹೋಗಿ, ಮಗಳ ಮದುವೆಯನ್ನೂ ಮುಗಿಸಿ, ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವರು. ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದು ಸಿಗ್ನಲು ದಾಟುವಷ್ಟರಲ್ಲಿ ಗಡ್ಡ ಬೆಳೆಯುತ್ತಿತ್ತು. ಅದರ ಮೇಲೆ ಮಾಮನ ಸಿನೆಮಾ ಬೇರೆ.

ಎಂದೋ ಊರಿನಲ್ಲಿ ವಿಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದ್ದಂತೆ. ಮೂಕಿ ಚಿತ್ರಗಳ ಕಾಲದ ಹಾಲಿವುಡ್ಡು. ಒಬ್ಬ ಠಕ್ಕ ತಾನು ದೊಡ್ಡ ಡೈರೆಕ್ಟರ್ ಎಂದು ಹೇಳಿಕೊಂಡು, ಒಳಗೆ ರೀಲೇ ಇಲ್ಲದ ಕ್ಯಾಮೆರಾದ ಹಿಂದೆ ನಿಂತು, ಸ್ಟಾರ್ ಮಾಡುತ್ತೇನೆಂದು ಊರವರನ್ನೆಲ್ಲ ದೋಚುತ್ತಾನೆ. ಒಬ್ಬಳು ಠಕ್ಕಿ ಗಾಜಿನ ಮುತ್ತಿನ ಸರ ಹಾಕಿಕೊಂಡು, ತಾನು ಎಣ್ಣೆಬಾವಿಗಳ ಒಡತಿ ಎನ್ನುತ್ತ ಅವನನ್ನೇ ದೋಚಲು ಬರುತ್ತಾಳೆ. ದೋಚಲು ಹೋಗಿ ಇಬ್ಬರೂ ಮನಸ್ಸು ಕೊಟ್ಟು ಕೂರುತ್ತಾರೆ. ನಿಜವನ್ನು ಮೊದಲು ಯಾರು ಹೇಳಬೇಕು? ಕತೆ ಇಷ್ಟೇ. ಈ ಇಷ್ಟನ್ನು ಮಾಮ ಒಂದು ಚಳಿಗಾಲ ಪೂರ್ತಿ ಎಳೆದರು!

ಠಕ್ಕ ಬಾಯಿ ತೆರೆಯುವಷ್ಟರಲ್ಲಿ ಪೊಲೀಸರು ಬರುತ್ತಿದ್ದರು. ಪೊಲೀಸರು ಹೋದರೆ ಸೆಟ್ಟಿಗೆ ಬೆಂಕಿ. ಬೆಂಕಿ ಆರುವಾಗ ಗುರುವಾರ ಮುಗಿದಿರುತ್ತಿತ್ತು, ಶುಕ್ರ-ಶನಿ ರಜೆ, ಇನ್ನು ಭಾನುವಾರವೇ. ನಿನ್ನೆ ಕೆಂಪು ಕೂದಲಿದ್ದವಳಿಗೆ ಇಂದು ಕಪ್ಪು. ಸಿನೆಮಾದ ಹೆಸರು ಕೇಳಿದರೆ, "ಹೆಸರು ಬಿಡು ಮಾರಾಯ, ಕತೆ ಕೇಳು." ಹೆಂಡತಿ ಇಂಟರ್ನೆಟ್ಟೆಲ್ಲ ಜಾಲಾಡಿದಳು. ಅಂಥ ಸಿನೆಮಾವೇ ಇರಲಿಲ್ಲ... ನನಗೆ ಮೈಯೆಲ್ಲ ಉರಿಯಿತು. ದಿನಾ ನನ್ನ ಕಾರಿನಲ್ಲಿ ಕೂತು ಸುಳ್ಳು ಹೊಸೆಯುವುದೇ, ಅದೂ ಕತ್ತನ್ನು ಹಿಂದಕ್ಕೆ ತಿರುಗಿಸಿಕೊಂಡು! ಹೆಂಡತಿ ಹಣೆ ಚಚ್ಚಿಕೊಂಡಳು. "ಕತೆ ನಿಮಗಲ್ಲ ಮಾರಾಯ್ರೆ. ಹಿಂದಿನ ಸೀಟಿಗೆ."

ತಿಳಿದ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಕಂಪನಿ ಮಾಮನಿಗೆ ನಿವೃತ್ತಿ ಕೊಟ್ಟಾಗಿತ್ತು. ತಿಂಗಳ ಕೊನೆಗೆ ವೀಸಾ ರದ್ದು, ಊರಿಗೆ ವಿಮಾನ. ಟೀಚರನ್ನು ಕೇಳುವುದನ್ನು ಈಗಲೇ ಕೇಳಿಬಿಡಿ ಎಂದು ಮೆಟ್ಟಿಲ ಮೇಲೆ ನಿಲ್ಲಿಸಿ ಎಷ್ಟು ಸಲ ಹೇಳಿದೆನೋ. "ಇನ್ನೊಂದು ಸೀನು ಉಂಟು," ಎನ್ನುವರು.

ಕೊನೆಯ ವಾರದ ಒಂದು ಬೆಳಿಗ್ಗೆ ಠಕ್ಕ ಊರು ಬಿಟ್ಟು ರೈಲು ಹತ್ತುವುದರಲ್ಲಿದ್ದ. ಟೀಚರ್ ತಡೆದರು.

"ಎಂತ ಮಾರಾಯ್ರೆ ಇದು! ಕ್ಯಾಮೆರಾದಲ್ಲಿ ರೀಲು ಇಲ್ಲ ಅಂತ ಅವಳಿಗೆ ಮೊದಲ ದಿನವೇ ಗೊತ್ತುಂಟು."

ಮಾಮ ಗಾಬರಿಯಾದರು. "ಗೊತ್ತಿದ್ದೂ ದಿನಾ ಬಂದು ಎದುರು ಯಾಕೆ ನಿಲ್ತಿದ್ಳು?"

"ನೋಡುವವ ಒಬ್ಬ ಇದ್ದಾನಲ್ಲ, ಅದಕ್ಕೆ."

ಮಾಮ ಕರವಸ್ತ್ರವನ್ನು ಮೂಗಿಗೊತ್ತಿ, "ಅಷ್ಟರಲ್ಲಿ ರೈಲು..." ಎಂದು ಮತ್ತೆ ಶುರು ಮಾಡಿದರು!

"ಖಲಾಸ್!" ಎಂದು ಕೂಗಿ ಕಾರನ್ನು ಕರಕ್ ಚಹಾದ ಅಂಗಡಿಯ ಎದುರು ನಿಲ್ಲಿಸಿದೆ. ದೋಹಾದಲ್ಲಿ ಹಾರ್ನ್ ಹೊಡೆದರೆ ಚಹಾ ಕಾರಿನ ಕಿಟಕಿಗೇ ಬರುತ್ತದೆ. ಅದಕ್ಕಾಗಿ ಯಾರೂ ಇಳಿಯುವುದಿಲ್ಲ. ನಾನು ಇಳಿದೆ. "ಮೂರು ಚಹಾ ತರ್ತೇನೆ. ನಾನು ಬರುವಾಗ ನಿಮ್ಮ ಸಿನೆಮಾ ಮುಗಿದಿರ್ಬೇಕು ಮಾಮ." ಅಂಗಡಿಯ ಮಲಯಾಳಿ ನನ್ನನ್ನು ಹುಚ್ಚನಂತೆ ನೋಡಿದ. ಸಕ್ಕರೆ ಹೆಚ್ಚಾಯಿತೆಂದು ಬೇಕೆಂದೇ ತಕರಾರು ತೆಗೆದು ಇನ್ನೊಮ್ಮೆ ಮಾಡಿಸಿದೆ.

ಮರಳಿ ಬಂದಾಗ ಮುಂದಿನ ಸೀಟು ಖಾಲಿ. ಮಾಮ ಹಿಂದೆ ಕೂತಿದ್ದರು, ಅಷ್ಟು ಎಸಿಯಲ್ಲೂ ಬೆವರುತ್ತ.

"ಯಲ್ಲಾ, ಹೊರಡಿ ಡ್ರೈವರ್, ಶಾಲೆಗೆ ಲೇಟಾಗ್ತದೆ," ಎಂದರು ಟೀಚರ್. ಚಹಾ ನನ್ನ ಕೈಮೇಲೆಯೇ ಚೆಲ್ಲಿತು.

ಮಾಮ ಮೊದಲು ಊರಿಗೆ ಹೋದರು. ಶಾಲೆಯ ವರ್ಷ ಮುಗಿಸಿ ಟೀಚರೂ ಹೊರಟರು. ಊರಿನಲ್ಲಿ ರಿಜಿಸ್ಟರ್ ಮದುವೆ. ನಮಗೆ ರಜೆ ಸಿಗಲಿಲ್ಲ, ಫೋಟೊ ಬಂತು. ಅದರಲ್ಲೂ ಮಾಮನ ಬಾಯಿ ತೆರೆದೇ ಇತ್ತು. ಫೋಟೊ ತೆಗೆಯುವವನಿಗೆ ಏನು ಹೇಳುತ್ತಿದ್ದರೋ... ಆಮೇಲೆ ವಾಟ್ಸಾಪಿನಲ್ಲಿ ಉದ್ದುದ್ದ ವಾಯ್ಸ್ ಮೆಸೇಜುಗಳು ಶುರುವಾದವು. ಕೇಳಿ ಕೇಳಿ ಸಾಕಾಗುತ್ತಿತ್ತು.

ಈಗ ನಾವು ಅಲ್ ಸದ್ದ್‌ನ ಫ್ಲ್ಯಾಟಿನಲ್ಲಿದ್ದೇವೆ. ಮುಂತಜಾದ ಆ ಕಟ್ಟಡವನ್ನು ಕೆಡವಿದ್ದಾರೆ. ಮಾಮನೂ ಇಲ್ಲ.

ಅವರ ಮದುವೆಯಾಗಿ ನಾಲ್ಕನೆಯ ವರ್ಷ, ಒಂದು ಮಧ್ಯಾಹ್ನ ಟೀಚರ್ ಊರಿನಿಂದ ಫೋನ್ ಮಾಡಿದರು. ಊಟ ಮಾಡಿ ಒರಗಿದವರು ಏಳಲಿಲ್ಲವಂತೆ.

"ಒಂದು ಕತೆಯನ್ನೂ ನೆಟ್ಟಗೆ ಮುಗಿಸದ ಜನ, ಇದನ್ನು ಮಾತ್ರ ಎಷ್ಟು ಬೇಗ ಮುಗಿಸಿದ್ರು ನೋಡಿ," ಎಂದರು, ಸಿಟ್ಟಿನಿಂದಲೇ.

ಆಮೇಲೂ ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.