ಕಿವಿ ಮುಟ್ಟಿ ನೋಡುವ ಅಜ್ಜಿ

ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಅಜ್ಜಿಯ ಎರಡು ಬೆರಳು ನನ್ನ ಕಿವಿಯ ಬುಡ ಹಿಡಿದಿರುತ್ತವೆ. ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಒರಟಾದ ಬೆರಳುಗಳು. ಒಂದು ಉಸಿರಿನಷ್ಟು ಹೊತ್ತು ಹಿಡಿದು, "ತಣ್ಣಗಿದೆ" ಎಂದು ತನಗೆ ತಾನೇ ಹೇಳಿಕೊಂಡು ಹೋಗಿಬಿಡುತ್ತಾಳೆ. ಶಾಲೆಯಲ್ಲಿದ್ದಾಗ ಗೆಳತಿಯೊಬ್ಬಳು ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಳು. ಅಜ್ಜಿ ಅವಳ ಕಿವಿಯನ್ನೂ ಹಿಡಿದಳು. ಆಮೇಲೆ ವರ್ಷವಿಡೀ ತರಗತಿಯಲ್ಲಿ ನನಗೆ "ಮೊಲದಮರಿ" ಎಂದೇ ಹೆಸರು.

ಹೆಸರಿನಲ್ಲಿ ತಪ್ಪೇನೂ ಇರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅಜ್ಜಿಯ ಇಸ್ತ್ರಿ ಅಂಗಡಿ, ಹಿಂಬದಿಯ ತಗಡಿನ ಮಾಡಿನ ಕೆಳಗೆ ಮೊಲಗಳು. ಹಣ್ಣಿನ ಪೆಟ್ಟಿಗೆ ಒಡೆದು, ತಂತಿ ಜಾಲರಿ ಹೊಡೆದು ಆಕೆಯೇ ಮಾಡಿದ ಹದಿನಾಲ್ಕು ಗೂಡು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೂಡಿನ ಬಾಗಿಲ ಮೇಲೆ ತಾರೀಖು ಬರೆದಿರುತ್ತಾಳೆ, ಹೆಣ್ಣನ್ನು ಗಂಡಿನ ಗೂಡಿಗೆ ಬಿಟ್ಟ ದಿನದ ತಾರೀಖು. ಗಂಡನ್ನು ಹೆಣ್ಣಿನ ಗೂಡಿಗೆ ಬಿಡುವಂತಿಲ್ಲ. "ಕಚ್ಚಿ ಓಡಿಸ್ತಾಳೆ. ಅವನೇನು ಅಳಿಯನಾ, ಕೂರಿಸಿ ಉಪಚಾರ ಮಾಡೋಕೆ?" ಎನ್ನುತ್ತಾಳೆ. ಇಪ್ಪತ್ತೆಂಟನೇ ದಿನ ಒಣಹುಲ್ಲಿನ ಪೆಟ್ಟಿಗೆ ಇಡಬೇಕು. ಮೂವತ್ತರ ಹೊತ್ತಿಗೆ ತಾಯಿ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಅದರಲ್ಲಿ ಹಾಸುತ್ತದೆ. ಮಾರನೆಯ ದಿನ ಆ ತುಪ್ಪಳದಡಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ, ಕಣ್ಣು ತೆರೆಯದ ಮರಿಗಳು ಮಿಸುಕುತ್ತವೆ.

ಮೊಲ ಕೊಂಡು ಹೋದವರೆಲ್ಲ ಒಂದಲ್ಲ ಒಂದು ದಿನ ಒಂದೇ ದೂರು ಹೊತ್ತು ಓಡಿ ಬರುತ್ತಾರೆ.

"ಅಜ್ಜೀ, ತಾಯಿ ಮರಿಗಳ ಕಡೆ ತಿರುಗಿಯೂ ನೋಡ್ತಿಲ್ಲ. ಬೆನ್ನು ಹಾಕಿ ಮೂಲೇಲಿ ಕೂತಿದೆ!"

"ನೋಡ್ತಾ ಕೂತ್ರೆ ನಾಯಿಗೆ ದಾರಿ ತೋರಿಸಿದ ಹಾಗಲ್ವೇನೋ? ದಿನಕ್ಕೊಂದ್ಸಲ ಹೋಗಿ ಹಾಲು ಕೊಟ್ಟು ಬರ್ತಾಳೆ. ದೂರ ಕೂತು ಕಾಯೋದೇ ಅವಳ ರೀತಿ. ಮರಿ ಹೊಟ್ಟೆ ನೋಡು. ತುಂಬಿದ್ರೆ ತಾಯಿ ಚೆನ್ನಾಗಿದಾಳೆ ಅಂತ."

ಇದನ್ನು ನಾನು ಮಗ್ಗಿಯಂತೆ ಕೇಳುತ್ತ ಬೆಳೆದೆ.

ಅಮ್ಮನ ಬಗ್ಗೆ ಮಾತ್ರ ಮನೆಯಲ್ಲಿ ಮಾತಿರಲಿಲ್ಲ. ಹೆರಿಗೆಗೆಂದು ತವರಿಗೆ ಬಂದವಳು, ನಾನು ಹುಟ್ಟಿದ ಹನ್ನೊಂದನೇ ದಿನ ತೀರಿಕೊಂಡಳು. ಅಪ್ಪ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ. ಅಮ್ಮ ಹೇಗೆ ಹೋದಳೆಂದು ಕೇಳಿದಾಗಲೆಲ್ಲ ಅಜ್ಜಿಯದು ಒಂದೇ ಉತ್ತರ: "ಜ್ವರ ಬಂತು, ಹೋದಳು." ಅದಕ್ಕಿಂತ ಹೆಚ್ಚು ಕೇಳಿದ ದಿನ ಯಾರದೋ ಅಂಗಿಯ ಕಾಲರ್ ಸುಡುತ್ತಿತ್ತು.

ಕಳೆದ ತಿಂಗಳು ಬೂದು ಬಣ್ಣದ ತಾಯಿಯೊಂದು ಆರು ಮರಿ ಹಾಕಿತು. ಬೂದಿ ಎಂದೇ ಅದನ್ನು ಕರೆಯುತ್ತಿದ್ದೆವು. ಅಜ್ಜಿಯ ಮೊಣಕಾಲು ಊದಿಕೊಂಡಿದ್ದರಿಂದ ಗೂಡಿನ ಕೆಲಸವೆಲ್ಲ ನನ್ನದಾಗಿತ್ತು. ಐದನೇ ದಿನ ಕಾಲೇಜಿಗೆ ಹೊರಡುವ ಮುನ್ನ ನೋಡಿದರೆ ಬೂದಿ ಗೋಡೆಗೆ ಮುಖ ಮಾಡಿ ಕೂತಿತ್ತು. ಹಿಂದಿನ ಸಂಜೆ ಹಾಕಿದ ಹುಲ್ಲು ಹಾಗೇ ಇತ್ತು. ಪೆಟ್ಟಿಗೆಗೆ ಕೈ ಹಾಕಿ ಮರಿಗಳನ್ನು ಮುಟ್ಟಿದೆ. ಹೊಟ್ಟೆ ಗುಂಡಗಿತ್ತು. ನೀರು ಬದಲಾಯಿಸಿ ಹೊರಟೆ. ಸಂಜೆ ಬಂದಾಗಲೂ ಅದೇ ಮೂಲೆ, ಅದೇ ಹುಲ್ಲು.

"ಬೂದಿ ಹೇಗಿದಾಳೆ?" ಅಜ್ಜಿ ಅಂಗಡಿಯಿಂದಲೇ ಕೇಳಿದಳು.

"ಚೆನ್ನಾಗಿದಾಳಜ್ಜಿ. ನಿನ್ನೆಯಿಂದ ಏನೂ ತಿಂದಿಲ್ಲ ಅಷ್ಟೆ. ದೂರ ಕೂತು ಕಾಯ್ತಿದಾಳೆ. ಮರಿಗಳ ಹೊಟ್ಟೆ ತುಂಬಿದೆ."

ಇಸ್ತ್ರಿಯ ಸದ್ದು ನಿಂತಿತು.

"ಕಿವಿ ಮುಟ್ಟಿದ್ಯಾ?"

"ಇಲ್ಲ."

ಊದಿದ ಕಾಲೆಳೆಯುತ್ತ, ಗೋಡೆ ಹಿಡಿದುಕೊಂಡು ಅಜ್ಜಿ ಬಂದಳು. ಬೂದಿಯ ಕಿವಿ ಕೆಂಡದಂತಿತ್ತು. ಮಗುಚಿ ನೋಡಿದರೆ, ತುಪ್ಪಳ ಕಿತ್ತ ಎದೆಯ ಒಂದು ಪಕ್ಕ ಕಲ್ಲಿನಂತೆ ಗಟ್ಟಿಯಾಗಿ ನೀಲಿಗಟ್ಟಿತ್ತು. ಹಾಲು ಕಟ್ಟಿ ನಂಜಾಗಿತ್ತು. ಉಳಿದ ಪಕ್ಕದಲ್ಲೇ ಅದು ಮರಿಗಳ ಹೊಟ್ಟೆ ತುಂಬಿಸಿತ್ತು. ನಾನು ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಬರುವ ಮೊದಲೇ ಬೂದಿ ಅಜ್ಜಿಯ ಮಡಿಲಲ್ಲಿ ಒಂದು ಸಲ ಕಾಲು ಚಾಚಿ ಪ್ರಾಣ ಬಿಟ್ಟಿತು. ಅಷ್ಟು ನೋವಿನಲ್ಲೂ ಒಂದು ಸದ್ದು ಮಾಡಲಿಲ್ಲ.

ಅಜ್ಜಿ ಆರು ಮರಿಗಳನ್ನೂ ಒಂದೊಂದಾಗಿ ಪಕ್ಕದ ಗೂಡಿನ ಬಿಳಿ ತಾಯಿಯ ಹುಲ್ಲಿನಲ್ಲಿ ಉಜ್ಜಿ, ಆ ವಾಸನೆ ಹಿಡಿಸಿ, ಅದರ ಮರಿಗಳ ನಡುವೆ ಬಿಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳು.

"ನಿಮ್ಮಮ್ಮನೂ ಹೀಗೇ ಗೋಡೆ ಕಡೆ ಮುಖ ಮಾಡಿ ಮಲಗಿದ್ಲು."

ಹೆರಿಗೆಯಾದ ಎಂಟನೇ ದಿನದಿಂದ ಹಾಗಾಯಿತಂತೆ. ನಾನು ಅತ್ತಾಗ ಎದ್ದು ಹಾಲು ಕೊಟ್ಟು, ಮತ್ತೆ ಮಂಚದ ಆ ತುದಿಗೆ ಸರಿಯುತ್ತಿದ್ದಳಂತೆ. ಮಾತಿಲ್ಲ, ನನ್ನನ್ನು ಆಡಿಸುವುದಿಲ್ಲ. ಚಳಿ ಎಂದು ಎರಡು ಹೊದಿಕೆ ಕೇಳಿದ್ದಳು. ಬಾಣಂತಿಯನ್ನು ನೋಡಲು ಬಂದ ಪಕ್ಕದ ಮನೆಯ ಟೈಲರ್ ಅಕ್ಕ, "ಇವಳ ಮುಖ ಸರಿಯಿಲ್ಲ, ಆಸ್ಪತ್ರೆಗೆ ಕರ್ಕೊಂಡ್ಹೋಗು" ಎಂದಳು.

"ನಾನೇನಂದೆ ಗೊತ್ತಾ? ದೂರ ಕೂತು ಕಾಯ್ತಿದಾಳೆ ಬಿಡೇ ಅಂದೆ. ನಿನ್ನ ಅಂಗಿ ಎತ್ತಿ ಹೊಟ್ಟೆ ತೋರಿಸ್ದೆ ಅವಳಿಗೆ. ನೋಡು ಹೇಗೆ ತುಂಬಿದೆ ಅಂದೆ. ‘ನೀನು ಹಿಡಿದ ಮೊಲಕ್ಕೆ ಮೂರೇ ಕಾಲು’ ಅಂತ ಬೈದು ಹೊರಟ್ಲು. ‘ಬಾರೇ, ಎಣಿಸು, ನಾಲ್ಕಿದೆ’ ಅಂತ ಹಿಂದಿನಿಂದ ಕೂಗ್ದೆ. ನಕ್ಕೆ ಕಣೇ ನಾನು."

ಅಜ್ಜಿ ಅಂಗೈಗೆ ಅಂಟಿದ್ದ ಬೂದು ತುಪ್ಪಳವನ್ನು ಬಿಡಿಸುತ್ತಿದ್ದಳು.

"ನಿಮ್ಮಮ್ಮ ತಟ್ಟೆ ಮಂಚದ ಕೆಳಗೆ ತಳ್ಳಿಟ್ಟಿದ್ಲು. ಅನ್ನ ಹಾಗೇ ಇತ್ತು. ಅದನ್ನೂ ನೋಡ್ದೆ. ಮೊಲ ಒಂದ್ಹೊತ್ತು ಮೇವು ಬಿಟ್ರೆ ಎದ್ದು ಕಿವಿ ಮುಟ್ಟೋಳು ನಾನು. ಇವಳ ತಟ್ಟೆ ತೊಳೆದು ಮಗುಚಿಟ್ಟೆ."

ಹತ್ತನೇ ದಿನ ಹೊದಿಕೆ ಸರಿಮಾಡುವಾಗ ಕೈ ಕಿವಿಗೆ ತಾಗಿತಂತೆ. ನನ್ನನ್ನು ಟೈಲರ್ ಅಕ್ಕನ ಕೈಗೆ ಹಾಕಿ, ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಓಡಿದಳು. ಹೆರಿಗೆಯ ನಂಜು ರಕ್ತಕ್ಕಿಳಿದಿತ್ತು. "ಎರಡು ದಿನ ಮೊದಲೇ ತಂದಿದ್ರೆ..." ಎಂದ ನರ್ಸ್, ಅಜ್ಜಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳಂತೆ.

"ನೀನು ಓದಿದೋಳು, ಹೇಳು," ಎಂದಳು ಅಜ್ಜಿ. "ನಾನೇ ಅಲ್ವಾ ಅವಳನ್ನ ಕಳೆದದ್ದು?"

ಅಲ್ಲ ಎಂದಿದ್ದರೆ ಆಗುತ್ತಿತ್ತೇನೋ. ನನ್ನ ಬಾಯಿಂದ ಬಂದದ್ದು ಬೇರೆ.

"ನನಗೂ ಇವತ್ತು ಗೊತ್ತಾಗ್ಲಿಲ್ವಲ್ಲಜ್ಜಿ. ನೀನು ಹೇಳಿಕೊಟ್ಟ ಹಾಗೇ ನೋಡ್ದೆ."

ಆಡಿದ ಮೇಲೆ ಅದು ಎಲ್ಲಿಗೆ ತಾಗಿತೆಂದು ತಿಳಿಯಿತು. ಅಜ್ಜಿ ಬಿಳಿ ತಾಯಿಯ ಗೂಡಿನ ಕಡೆ ತಿರುಗಿದಳು.

"ನಿನಗೆ ಅದು ಮೊಲ," ಎಂದಳು. "ನನಗೆ ಅವಳು ಮಗಳು."

ಬೂದಿಯ ಗೂಡಿನ ಬಾಗಿಲ ಮೇಲಿದ್ದ ತಾರೀಖನ್ನು ಅಂಗೈಯಿಂದ ಒರೆಸಿ, ನನ್ನ ಭುಜ ಹಿಡಿದು ಎದ್ದಳು. ಅಂಗಡಿಯಲ್ಲಿ ಇನ್ನೂ ಏಳು ಅಂಗಿ ಬಾಕಿ ಇತ್ತು.

ಮರುದಿನ ಬೆಳಿಗ್ಗೆ ಎರಡು ಬೆರಳು ಬಂದವು. ನಾನು ಎಚ್ಚರವಾಗಿಯೇ ಇದ್ದೆ. ಕಿವಿಯ ಬುಡ ಹಿಡಿದು "ತಣ್ಣಗಿದೆ" ಎಂದಳು. ಎಂದಿನಂತೆ ಹೋಗಲಿಲ್ಲ. ಮತ್ತೊಮ್ಮೆ ಹಿಡಿದಳು. ಕಾಲೇಜಿಗೆ ಹೊತ್ತಾಗುತ್ತಿತ್ತು. ಆಕೆ ತಾನಾಗಿ ಕೈ ತೆಗೆಯುವವರೆಗೂ ನಾನು ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ.