ಬರಿದಾಗಿ ಬಾರದ ಬಾಟಲಿ

ಕಡೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಪಾತ್ರೆಯೂ ಬರಿದಾಗಿ ವಾಪಸಾಗುವುದಿಲ್ಲ. ಪಾಯಸ ಹೋದ ಡಬ್ಬಿಯಲ್ಲಿ ನಿಂಬೆಹಣ್ಣು ಬರುತ್ತದೆ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ಈ ಪದ್ಧತಿ ನನಗೆ ಬಲು ಇಷ್ಟ. ಏನು ಬಂದೀತು ಎಂಬ ಆಸೆಗೇ ನಾನು ಕೆಲವು ಸಲ ಡಬ್ಬಿ ಕಳಿಸುವುದುಂಟು.

ಹೋದ ಬೇಸಿಗೆಯಲ್ಲಿ ಎದುರುಮನೆಯ ಶಾರದಕ್ಕನಿಗೆ ಜ್ಯೂಸಿನ ಹಳೆಯ ಬಾಟಲಿಯಲ್ಲಿ ಮಜ್ಜಿಗೆ ಕೊಟ್ಟಿದ್ದೆ. ಮಾರನೆಯ ದಿನ ಬೀದಿಗೆ ಮೊಪೆಡ್ಡಿನಲ್ಲಿ ಫಿನಾಯಿಲ್ ಮಾರುವವನು ಬಂದ. ಶಾರದಕ್ಕ ತಾವು ಕೊಂಡದ್ದರಲ್ಲಿ ನನಗೂ ಒಂದು ಪಾಲನ್ನು ಅದೇ ಬಾಟಲಿಗೆ ಹುಯ್ದು, ನಮ್ಮ ಅಡುಗೆಕಟ್ಟೆಯ ಮೇಲಿಟ್ಟು ಹೋದರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅದು ಬಿಳಿ ಫಿನಾಯಿಲ್. ನೋಡಲು ಥೇಟ್ ನೀರು ಮಜ್ಜಿಗೆ.

ಅದೇ ಹೊತ್ತಿಗೆ ನಮ್ಮ ಮಾವನವರು ಯಗಟಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬೆವರೊರೆಸುತ್ತಾ ಅಡುಗೆಮನೆಗೆ ನುಗ್ಗಿದರು. ನೆಗಡಿಗೆ ಮೂಗು ಕಟ್ಟಿತ್ತು. ಬಾಟಲಿ ಕಂಡದ್ದೇ ಲೋಟಕ್ಕೆ ಬಗ್ಗಿಸಿಕೊಂಡರು. ದೇವರು ದೊಡ್ಡವನು, ಅವರಿಗೆ ಉಪ್ಪಿಲ್ಲದ ಮಜ್ಜಿಗೆ ಗಂಟಲಲ್ಲಿ ಇಳಿಯುವುದಿಲ್ಲ.

"ಉಪ್ಪು ಎಲ್ಲಿಟ್ಟಿದ್ದೀಯವ್ವಾ?" ಎಂದು ಕೂಗಿದರು.

ಒಳಗೆ ಬಂದರೆ ಆಸ್ಪತ್ರೆಯ ವಾಸನೆ. ಲೋಟ ಕಿತ್ತುಕೊಂಡೆ.

"ಮಜ್ಜಿಗೆ ಕಣವ್ವಾ, ಯಾಕಿಂಗಾಡ್ತೀಯ?"

"ಮಜ್ಜಿಗೆ ಅಲ್ಲ ಮಾವ, ನೆಲ ಒರೆಸೋದು!"

ಲೋಟವನ್ನು ಬಚ್ಚಲಿಗೆ ಚೆಲ್ಲಿ, ಅಲ್ಲೇ ಕೂತು ಅತ್ತುಬಿಟ್ಟೆ. ಗಲಾಟೆ ಕೇಳಿ ಓಡಿಬಂದ ಶಾರದಕ್ಕ, "ಬಾಟ್ಲಿ ಬರಿದು ಕೊಡಬಾರ್ದು ಅಂತ ಹಾಕ್ದೆ ಕಣೇ, ನನ್ನ ಕೈಗಿಷ್ಟು ಬೆಂಕಿ ಹಾಕ!" ಎಂದು ನನಗಿಂತ ಜೋರಾಗಿ ಅತ್ತರು. ಪ್ರೀತಿಯಿಂದ ಹುಯ್ದವರನ್ನು ಬೈಯುವುದಾದರೂ ಹೇಗೆ?

ಆಮೇಲೆ ಯೋಚಿಸಿದೆ. ನಮ್ಮಜ್ಜಿ ಪಾತ್ರೆ ತಿಕ್ಕುತ್ತಿದ್ದ ಬೂದಿ ಬೂದಿಯಂತೆಯೇ ಕಾಣುತ್ತಿತ್ತು, ಸೀಗೆಪುಡಿ ಸೀಗೆಪುಡಿಯಂತೆಯೇ. ಯಾರೂ ಅವನ್ನು ಕಾಫಿಗೆ ಬೆರೆಸಲಿಲ್ಲ. ಈಗಿನ ಪಾತ್ರೆ ತೊಳೆಯುವ ದ್ರಾವಣ ನಿಂಬೆ ಶರಬತ್ತಿನ ಬಣ್ಣಕ್ಕಿದೆ, ಕಕ್ಕಸು ತೊಳೆಯುವ ಆ್ಯಸಿಡ್ಡು ಕುಡಿಯುವ ನೀರಿನ ಬಾಟಲಿಯಲ್ಲೇ ಮನೆ ಸೇರುತ್ತದೆ. ಮಗು ಮೋಸಹೋಗುವುದಿರಲಿ, ಎಪ್ಪತ್ತು ದಾಟಿದ ಮಾವನವರೇ ಮೋಸಹೋಗುತ್ತಿದ್ದರಲ್ಲ!

ಅಂದಿನಿಂದ ನಮ್ಮ ಮನೆಯಲ್ಲಿ ನನ್ನದೇ ದರ್ಬಾರು. ತೊಳೆಯುವುದು, ಒರೆಸುವುದು, ಇಲಿ ಜಿರಲೆಗೆ ಇಡುವುದು ಎಲ್ಲವೂ ಹೆಸರಿರುವ ಅವುಗಳದೇ ಬಾಟಲಿ, ಡಬ್ಬಿಗಳಲ್ಲಿ, ಬೀಗವಿರುವ ಮೇಲಿನ ಗೂಡಿನಲ್ಲಿ. ಖಾಲಿಯಾದ ಬಾಟಲಿ ಎಷ್ಟೇ ಚೆಂದವಿದ್ದರೂ ಮೂತಿ ಕತ್ತರಿಸಿ ಗುಜರಿಗೆ. ಮೊಪೆಡ್ಡಿನವನನ್ನೂ ಬಿಡಲಿಲ್ಲ: "ಕುಡಿಯೋ ಬಾಟ್ಲೀಲಿ ತಂದ್ರೆ ಈ ಬೀದಿಗೆ ಬರಬ್ಯಾಡಪ್ಪ" ಎಂದೆ. ಈಗ ಅವನು ಹೆಸರು ಅಂಟಿಸಿದ ಕ್ಯಾನು ತರುತ್ತಾನೆ. ಪಾತ್ರೆಗಳು ಮಾತ್ರ ಹಿಂದಿನಂತೆಯೇ ಓಡಾಡುತ್ತಿವೆ. ಶಾರದಕ್ಕ ಮೊನ್ನೆ ಕರಿಬೇವು ಹಾಕಿ ಕೊಟ್ಟರು.

ಉಳಿದಿರುವುದು ಒಂದೇ ತಕರಾರು. ಮಾವನವರು ಈಗ ನಾನು ಕೊಟ್ಟ ಕಾಫಿಯನ್ನೂ ನೆಂಟರ ಮುಂದೆಯೇ ಮೂಸಿ ನೋಡಿ ಕುಡಿಯುತ್ತಾರೆ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಇಲ್ಲ. ಮೂಸಲಿ ಬಿಡಿ, ಮೂಸಲು ಅವರಿದ್ದಾರಲ್ಲ.